ಕೌದಿ ಕಲಿಸಿದವರು, ಕೌದಿ ಕಲಿತವರು

'ಕಂತೆಗೆ ತಕ್ಕ ಬೊಂತೆ' ಎಂಬ ಗಾದೆ ನಮ್ಮಲ್ಲಿ ಬಳಕೆಯಲ್ಲಿದೆ. ಅದನ್ನು ಆಡುವಾಗ ಧ್ವನಿಯಲ್ಲಿ ತುಸು ತಾತ್ಸಾರವೂ ಸೇರಿಕೊಂಡಿರುತ್ತದೆ. ಇವನ ಯೋಗ್ಯತೆಗೆ ತಕ್ಕವನೇ ಇವನಿಗೆ ಜೊತೆಯಾದ ಎಂಬುದು ಅದರ ಭಾವ. ಆದರೆ ಕಂತೆಯೂ ಬೊಂತೆಯೂ ಮೂಲದಲ್ಲಿ ಹೀಗಳೆಯುವ ಮಾತುಗಳಲ್ಲ; ಹಳೆಯ ಬಟ್ಟೆಯ ಚೂರುಗಳನ್ನು ಕೂಡಿಸಿ ಹೊಲಿದ ಹೊದಿಕೆಗೆ ಇದ್ದ ಹೆಸರುಗಳು. ಸಂಸ್ಕೃತದ 'ಕಂಥಾ' ಕನ್ನಡದಲ್ಲಿ ಕಂತೆಯಾಗಿದೆ, ಬಂಗಾಳದಲ್ಲಿ ಕಾಂಥಾ ಆಗಿದೆ. ಬಿಹಾರದವರು ಸುಜನಿ ಎನ್ನುತ್ತಾರೆ, ಸಿಂಧದವರು ರಲ್ಲಿ ಎನ್ನುತ್ತಾರೆ, ಮಹಾರಾಷ್ಟ್ರದವರು ಗೋಧಡಿ ಇಲ್ಲವೆ ವಾಕಳ ಎನ್ನುತ್ತಾರೆ. ಉತ್ತರ ಕರ್ನಾಟಕದ ನಮ್ಮ ಜನರ ಬಾಯಲ್ಲಿ ಅದು ಕೌದಿ.

ಒಂದು ಕಾಲಕ್ಕೆ ಬಡತನದ ಗುರುತಾಗಿದ್ದ ಈ ಕೌದಿ ಈಗ ಪ್ರದರ್ಶನಗಳ ಗೋಡೆ ಏರಿದೆ. ದೊಡ್ಡ ನಗರಗಳಲ್ಲಿ ಇಂಥ ಹೊಲಿಗೆಯನ್ನು ಕಲಿಸುವ ತರಗತಿಗಳೂ ಒಂದೆರಡು ದಿನಗಳ ಶಿಬಿರಗಳೂ ನಡೆಯುತ್ತವೆ. ಹೊರನಾಡಿನ ಕನ್ನಡ ಸಂಘಗಳ ಮಹಿಳಾ ವಿಭಾಗಗಳಿಗೆ ಇದು ಒಪ್ಪುವ ಕೆಲಸವೆಂಬುದರಲ್ಲಿ ಸಂಶಯವಿಲ್ಲ. ಖರ್ಚು ಕಡಿಮೆ, ಸಾಮಗ್ರಿ ಮನೆಯ ಪೆಟ್ಟಿಗೆಯಲ್ಲೇ ಇದೆ, ಕೂಡಿ ಕುಳಿತು ಮಾತಾಡುತ್ತ ಮಾಡಬಹುದು. ಆದರೆ ತರಗತಿ ಎಂದ ಕೂಡಲೇ ಕೆಲವು ಪ್ರಶ್ನೆಗಳು ಏಳುತ್ತವೆ. ಕಲಿಸುವವರು ಯಾರು? ಬಟ್ಟೆಯನ್ನು ಆಯುವವರು ಯಾರು? ಹೊಲಿದು ಮುಗಿದ ಮೇಲೆ ಅದಕ್ಕೆ ಯಾರ ಹೆಸರು? ಈ ಪ್ರಶ್ನೆಗಳು ಇಂದು ನಿನ್ನೆಯವಲ್ಲ. ಇನ್ನೂರು ವರ್ಷಗಳ ಈಚೆಗೆ ಬೇರೆ ಬೇರೆ ದೇಶಗಳ ಹೆಂಗಸರ ಗುಂಪುಗಳು ಇವನ್ನು ಎದುರಿಸಿವೆ, ತಮಗೆ ತಿಳಿದಂತೆ ಉತ್ತರವನ್ನೂ ಕಂಡುಕೊಂಡಿವೆ. ಅಂಥ ನಾಲ್ಕು ಗುಂಪುಗಳ ಚರಿತ್ರೆಯನ್ನು ಹೇಳಿ, ಅದರಿಂದ ನಮಗೆ ದೊರಕುವ ಪಾಠವೇನೆಂದು ನೋಡುವುದು ಈ ಲೇಖನದ ಉದ್ದೇಶ.

ಶಾಲೆಯಿಲ್ಲದ ವಿದ್ಯೆ

ಮೊದಲು ಕೌದಿಯ ರಚನೆಯನ್ನು ನೆನಪು ಮಾಡಿಕೊಳ್ಳೋಣ. ಹಳೆಯ ಧೋತರವನ್ನೋ ಸೀರೆಯನ್ನೋ ನೆಲದ ಮೇಲೆ ಸುಕ್ಕಿಲ್ಲದಂತೆ ಹಾಸುತ್ತಾರೆ. ಅದು ತಳ. ಅದರ ಮೇಲೆ ಸವೆದ ಅಂಗಿ, ಪರಕರ, ಕುಪ್ಪಸಗಳ ತುಂಡುಗಳು ಪದರು ಪದರಾಗಿ ಬರುತ್ತವೆ. ಎಲ್ಲಕ್ಕೂ ಮೇಲೆ ಕಣ್ಣಿಗೆ ಒಪ್ಪುವ ಬಣ್ಣದ ಚೂರುಗಳು. ದಪ್ಪ ದಾರ ಪೋಣಿಸಿದ ಸೂಜಿ ಈ ಪದರುಗಳನ್ನೆಲ್ಲ ಹಾದು ಕೆಳಗಿಳಿಯುತ್ತದೆ, ಮತ್ತೆ ಮೇಲೇಳುತ್ತದೆ. ಹೊಲಿಗೆಗಳಲ್ಲಿ ಇದಕ್ಕಿಂತ ಸರಳವಾದದ್ದು ಇನ್ನೊಂದಿಲ್ಲ. ಸಾಲು ಸಾಲಾಗಿ ಒತ್ತೊತ್ತಾಗಿ ಈ ಟಾಕುಗಳು ಬಿದ್ದಾಗ ಸವೆದ ಬಟ್ಟೆಗೆ ಬಲ ಬರುತ್ತದೆ. ಪದರುಗಳ ನಡುವೆ ಗಾಳಿ ನಿಲ್ಲುವುದರಿಂದ ಹೊದ್ದವರಿಗೆ ಬೆಚ್ಚಗಾಗುತ್ತದೆ.

ಇದನ್ನು ಕಲಿಸುವ ಶಾಲೆ ಇರಲಿಲ್ಲ. ಅಜ್ಜಿ ಹೊಲಿಯುತ್ತಿದ್ದರೆ ಮೊಮ್ಮಗಳು ಪಕ್ಕದಲ್ಲಿ ಕುಳಿತಿರುತ್ತಿದ್ದಳು. ಅಜ್ಜಿಯ ಕಣ್ಣು ಮಂಜಾದುದರಿಂದ ದಾರ ಪೋಣಿಸಿ ಕೊಡುವುದು ಅವಳ ಮೊದಲ ಕೆಲಸ. ಆಮೇಲೆ ಬಟ್ಟೆ ಸರಿಯದಂತೆ ಅಂಚು ಹಿಡಿಯುವುದು. ಅದಕ್ಕೂ ಆಮೇಲೆ ಒಂದು ಮೂಲೆ ಅವಳ ಪಾಲಿಗೆ ಬರುತ್ತಿತ್ತು. ಮನೆಯಲ್ಲಿ ಹೊಲಿಯುವವರಿಲ್ಲದಿದ್ದರೆ ಊರೂರು ತಿರುಗಿ ಕೌದಿ ಹೊಲಿದು ಕೊಡುವ ಹೆಂಗಸರು ಬರುತ್ತಿದ್ದರು. ಅರಿವೆ ಮನೆಯವರದು, ದುಡಿಮೆ ಅವರದು. ಓಣಿಯ ಗಿಡದ ನೆರಳಿನಲ್ಲಿ ಅರಿವೆ ಹರವಿಕೊಂಡು ಕುಳಿತು ಹೊಲಿದು, ಕೂಲಿಯನ್ನೋ ಕಾಳನ್ನೋ ಪಡೆದು ಮುಂದಿನ ಊರಿಗೆ ಹೋಗುತ್ತಿದ್ದರು. ಕೌದಿ ಇಪ್ಪತ್ತು ವರ್ಷ ಬಾಳುತ್ತಿತ್ತು. ಹೊಲಿದವಳ ಹೆಸರನ್ನು ಮಾತ್ರ ಯಾರೂ ಕೇಳಿಟ್ಟುಕೊಳ್ಳುತ್ತಿರಲಿಲ್ಲ.

ಸಮುದ್ರದಾಚೆಯೂ ಹೆಚ್ಚು ಕಡಿಮೆ ಇದೇ ರೀತಿ ಇತ್ತು. ಅಮೇರಿಕೆಯ ಹಳ್ಳಿಗಳಲ್ಲಿ ಮೇಲಿನ ಚೂರುಗಳ ಜೋಡಣೆಯನ್ನು ಒಬ್ಬಾಕೆ ಮನೆಯಲ್ಲಿ ಮುಗಿಸಿ, ಪದರುಗಳನ್ನು ಸೇರಿಸಿ ಹೊಲಿಯುವ ದಿನ ನೆರೆಹೊರೆಯವರನ್ನು ಕರೆಯುತ್ತಿದ್ದಳು. ದೊಡ್ಡ ಮರದ ಚೌಕಟ್ಟಿಗೆ ಬಟ್ಟೆಯನ್ನು ಬಿಗಿದು ನಾಲ್ಕೂ ಕಡೆ ಹೆಂಗಸರು ಕುಳಿತರೆ ವಾರಗಳ ಕೆಲಸ ಒಂದೆರಡು ದಿನಕ್ಕೆ ಮುಗಿಯುತ್ತಿತ್ತು. ಇದಕ್ಕೆ ಅವರು 'ಕ್ವಿಲ್ಟಿಂಗ್ ಬೀ' ಎನ್ನುತ್ತಿದ್ದರು. ನಮ್ಮಲ್ಲಿ ಹಪ್ಪಳ ಶಾವಿಗೆಗೆ ಓಣಿಯ ಹೆಂಗಸರು ಕೂಡುವಂತೆ ಅದು. ಎಳೆಯರು ಅಲ್ಲಿಯೇ ನೋಡಿ ಕಲಿಯುತ್ತಿದ್ದರು.

ಇಂಥ ವಿದ್ಯೆ ಮನೆಯಲ್ಲಿ ಹಿರಿಯರಿರುವವರೆಗೆ, ಹಳೆಯ ಅರಿವೆಗೆ ಬೆಲೆಯಿರುವವರೆಗೆ ತಾನಾಗಿ ಸಾಗುತ್ತದೆ. ಮನೆ ಬಿಟ್ಟು ಬಂದವರಿಗೆ ಅದನ್ನು ಬೇರೊಬ್ಬರು ಕಲಿಸಬೇಕಾಗುತ್ತದೆ. ಹೀಗೆ ಮನೆ ಬಿಟ್ಟವರಿಗೆ ನಡೆದ ತರಗತಿಗಳಲ್ಲಿ ಬಹು ಪ್ರಸಿದ್ಧವಾದದ್ದು ಒಂದು ಹಡಗಿನಲ್ಲಿ ನಡೆಯಿತು.

ಹಡಗಿನ ಮೇಲಿನ ತರಗತಿ

ಇಂಗ್ಲೆಂಡಿನಲ್ಲಿ ಎಲಿಜಬೆತ್ ಫ್ರೈ (1780–1845) ಎಂಬ ಕ್ವೇಕರ್ ಪಂಥದ ಮಹಿಳೆ ಇದ್ದಳು. 1813ರಲ್ಲಿ ಆಕೆ ಲಂಡನ್ನಿನ ನ್ಯೂಗೇಟ್ ಸೆರೆಮನೆಯನ್ನು ಮೊದಲ ಸಲ ಕಂಡಳು. ಅಲ್ಲಿ ಹೆಂಗಸರನ್ನೂ ಅವರ ಮಕ್ಕಳನ್ನೂ ಕುರಿಗಳಂತೆ ತುಂಬಿದ್ದರು. ಮಾಡಲು ಕೆಲಸವಿಲ್ಲ, ಮಲಗಲು ಹಾಸಿಗೆಯಿಲ್ಲ. 1817ರಲ್ಲಿ ಆಕೆ ಕೆಲವು ಸಂಗಾತಿಗಳೊಡನೆ ಒಂದು ಸಂಘ ಕಟ್ಟಿ, ಸೆರೆಯಲ್ಲಿದ್ದ ಮಕ್ಕಳಿಗೆ ಓದು, ಹೆಂಗಸರಿಗೆ ಹೊಲಿಗೆ ಕಲಿಸುವ ವ್ಯವಸ್ಥೆ ಮಾಡಿದಳು. ಚೂರು ಬಟ್ಟೆಯ ಹೊಲಿಗೆಯನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿತ್ತು. ಅದಕ್ಕೆ ಬೇಕಾದ ಚೂರುಗಳು ಅಂಗಡಿಗಳಲ್ಲಿ ಉಳಿದು ಬಿದ್ದಿರುತ್ತಿದ್ದವು. ಏನೂ ಬಾರದವಳೂ ಮೊದಲ ದಿನವೇ ಕೈ ಹಚ್ಚಬಹುದಾಗಿತ್ತು.

ಆ ಕಾಲದಲ್ಲಿ ಶಿಕ್ಷೆಯಾದವರನ್ನು ಹಡಗಿನಲ್ಲಿ ಆಸ್ಟ್ರೇಲಿಯಕ್ಕೆ ಸಾಗಿಸುತ್ತಿದ್ದರು. ಪ್ರಯಾಣಕ್ಕೆ ಮೂರು ನಾಲ್ಕು ತಿಂಗಳು ಹಿಡಿಯುತ್ತಿತ್ತು. ಹೊರಡುವ ಹೆಂಗಸರಿಗೆ ಫ್ರೈಯವರ ಸಂಗಾತಿಗಳು ಒಂದೊಂದು ಚೀಲ ಕೊಡತೊಡಗಿದರು. ಅದರಲ್ಲಿ 100 ಸೂಜಿಗಳು, ಹಲವು ಬಣ್ಣದ ದಾರ, ಗುಂಡುಸೂಜಿ, ಕತ್ತರಿ, ಬೆರಳಿಗೆ ತೊಡುವ ಲೋಹದ ಟೋಪಿ, ಜೊತೆಗೆ 2 ಪೌಂಡು ತೂಕದ ಬಟ್ಟೆಯ ಚೂರುಗಳು ಇರುತ್ತಿದ್ದವು. ಇಂದಿನ ಶಿಬಿರಗಳಲ್ಲಿ ಪ್ರತಿಯೊಬ್ಬರ ಮುಂದೆ ಇಡುವ ಸಾಮಗ್ರಿಯ ಪೊಟ್ಟಣಕ್ಕೆ ಇದನ್ನೇ ಹಿರಿಯಕ್ಕನೆನ್ನಬಹುದು. ದಾರಿಯಲ್ಲಿ ಕೈಗೆ ಕೆಲಸವಿರಲಿ, ಇಳಿದ ಮೇಲೆ ಮಾರಿ ನಾಲ್ಕು ಕಾಸು ಮಾಡಿಕೊಳ್ಳಲಿ ಎಂಬುದು ಕೊಟ್ಟವರ ಆಶಯ.

1841ರ ಏಪ್ರಿಲಿನಲ್ಲಿ 'ರಾಜಾ' ಎಂಬ ಹಡಗು ಸುಮಾರು 180 ಮಂದಿ ಹೆಂಗಸರನ್ನು ಹೊತ್ತು ಇಂಗ್ಲೆಂಡಿನಿಂದ ಹೊರಟು ಜುಲೈಯಲ್ಲಿ ಈಗಿನ ಟಾಸ್ಮೇನಿಯದ ಹೋಬಾರ್ಟ್ ಬಂದರನ್ನು ಮುಟ್ಟಿತು. ಕೇಜಿಯಾ ಹೇಟರ್ ಎಂಬ ತರುಣಿ ಅವರ ಮೇಲ್ವಿಚಾರಕಿಯಾಗಿ ಜೊತೆಗೆ ಹೋಗಿದ್ದಳು. ಆ ಪ್ರಯಾಣದಲ್ಲಿ ಹೆಂಗಸರು ಕೂಡಿ ಹೊಲಿದ ಒಂದು ಭಾರೀ ಹೊದಿಕೆ ಇಂದಿಗೂ ಉಳಿದಿದೆ. ಅಗಲ ಉದ್ದ ಎರಡೂ ಮೂರು ಮೀಟರಿಗೆ ಮಿಕ್ಕಿದ ಅದರಲ್ಲಿ 2,815 ಚೂರುಗಳಿವೆ. ನಡುವೆ ಬಿಳಿಯ ನೆಲದ ಮೇಲೆ ಅಚ್ಚಿನ ಬಟ್ಟೆಯಿಂದ ಕತ್ತರಿಸಿ ಹಚ್ಚಿದ ಹೂ ಹಕ್ಕಿಗಳಿವೆ. ಈ ಅಚ್ಚಿನ ಬಟ್ಟೆಗೆ ಅವರು ಹೇಳುವ 'ಚಿಂಟ್ಜ್' ಎಂಬ ಹೆಸರು ನಮ್ಮ ನಾಡಿನ ಛೀಂಟಿನಿಂದಲೇ ಹೋದದ್ದು. ಹೊಲಿಗೆಯನ್ನು ಸಮೀಪದಿಂದ ನೋಡಿದರೆ ನುರಿತ ಕೈ ಯಾವುದು, ಆಗತಾನೆ ಸೂಜಿ ಹಿಡಿದ ಕೈ ಯಾವುದು ಎಂದು ಗೊತ್ತಾಗುತ್ತದೆ. ಚುಚ್ಚಿಕೊಂಡ ಬೆರಳುಗಳಿಂದ ಬಿದ್ದ ರಕ್ತದ ಸಣ್ಣ ಚುಕ್ಕೆಗಳೂ ಅದರಲ್ಲಿವೆ. ಬಹುಕಾಲ ಕಣ್ಮರೆಯಾಗಿದ್ದ ಈ ಹೊದಿಕೆ ಸ್ಕಾಟ್ಲೆಂಡಿನಲ್ಲಿ ದೊರೆತು, 1989ರಲ್ಲಿ ಕ್ಯಾನ್‌ಬೆರಾದ ರಾಷ್ಟ್ರೀಯ ಕಲಾಶಾಲೆಯನ್ನು ಸೇರಿತು.

ಅದರ ಒಂದು ಅಂಚಿನಲ್ಲಿ ಸಣ್ಣ ಅಕ್ಷರಗಳಲ್ಲಿ ಬರಹ ಹೊಲಿದಿದೆ. ತಮಗೆ ಉಪಕಾರ ಮಾಡಿದ ಸಮಿತಿಯ ಮಹಿಳೆಯರಿಗೆ ಕೃತಜ್ಞತೆ, ದುಡಿಯಬೇಕೆಂದು ಅವರು ಹೇಳಿದ ಬುದ್ಧಿಮಾತನ್ನು ಮರೆತಿಲ್ಲವೆಂಬುದಕ್ಕೆ ಇದು ಸಾಕ್ಷಿ ಎಂಬ ಅರ್ಥದ ಮಾತುಗಳು ಅಲ್ಲಿವೆ. ಹಡಗಿನ ಹೆಸರಿದೆ, ತಿಂಗಳು ಇಸವಿ ಇದೆ. ಹೊಲಿದವರಲ್ಲಿ ಒಬ್ಬಳ ಹೆಸರೂ ಇಲ್ಲ. 'ರಾಜಾ ಹಡಗಿನ ಶಿಕ್ಷಿತರು' ಎಂದಷ್ಟೇ ಇದೆ. ಎಲಿಜಬೆತ್ ಫ್ರೈಯ ಉಪಕಾರ ದೊಡ್ಡದು, ಅದನ್ನು ಕಡಿಮೆ ಮಾಡಿ ಹೇಳಬೇಕಾಗಿಲ್ಲ. ಸೂಜಿ ದಾರ ಬಟ್ಟೆ ಎಲ್ಲವನ್ನೂ ಆ ತರಗತಿ ಕೊಟ್ಟಿತು. ಕಲಿತವಳಿಗೆ ತನ್ನ ಹೆಸರನ್ನು ಹೊಲಿದುಕೊಳ್ಳುವ ಒಂದು ಅಂಗುಲ ಜಾಗವನ್ನು ಮಾತ್ರ ಕೊಡಲಿಲ್ಲ.

ನದಿಯ ತಿರುವಿನ ಹೆಂಗಸರು

ಎರಡನೆಯ ಚರಿತ್ರೆ ಅಮೇರಿಕೆಯ ಅಲಬಾಮಾ ರಾಜ್ಯದ್ದು. ಅಲಬಾಮಾ ನದಿಯ ಒಂದು ದೊಡ್ಡ ತಿರುವಿನಲ್ಲಿ ಮೂರು ಕಡೆ ನೀರಿನಿಂದ ಸುತ್ತುವರಿದ ಜೀಸ್ ಬೆಂಡ್ ಎಂಬ ಹಳ್ಳಿಯಿದೆ. ಹತ್ತಿ ತೋಟದ ಗುಲಾಮರಾಗಿದ್ದ ಕರಿಯರ ವಂಶದವರೇ ಅಲ್ಲಿನ ಜನ. ಅಲ್ಲಿನ ಹೆಂಗಸರು ಹೊಲಗೆಲಸದ ಸವೆದ ಷರಾಯಿ, ಹಿಟ್ಟಿನ ಚೀಲ, ಹರಕು ಅಂಗಿ ಏನು ಸಿಕ್ಕಿದರೂ ಅದರಿಂದ ಹೊದಿಕೆ ಹೊಲಿಯುತ್ತಿದ್ದರು. ನಕ್ಷೆ ಹಾಕಿಕೊಂಡು ಹೊಲಿಯುವವರಿಗಿಂತ ಕೈಗೆ ಬಂದ ತುಂಡನ್ನು ನೋಡಿ, ಅಲ್ಲಿಯೇ ಯೋಚಿಸಿ ಜೋಡಿಸುವವರೇ ಹೆಚ್ಚು.

1960ರ ದಶಕದಲ್ಲಿ ಕರಿಯರ ಮತದಾನದ ಹಕ್ಕಿಗಾಗಿ ಹೋರಾಟ ನಡೆಯಿತು. ಹೆಸರು ನೋಂದಾಯಿಸಲು ಜೀಸ್ ಬೆಂಡಿನವರು ನದಿಯಾಚೆಯ ಕ್ಯಾಮ್ಡನ್ ಪಟ್ಟಣಕ್ಕೆ ಹೋಗಬೇಕಾಗಿತ್ತು. 1962ರಲ್ಲಿ ದೋಣಿಯ ಸೌಕರ್ಯವೇ ನಿಂತುಹೋಯಿತು. ಅದು ಮತ್ತೆ ಆರಂಭವಾದದ್ದು 2006ರಲ್ಲಿ. 1965ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಆ ಹಳ್ಳಿಗೆ ಬಂದು ಮಾತಾಡಿದರು. ಮತದಾರರ ಪಟ್ಟಿಯಲ್ಲಿ ಹೆಸರು ಬರೆಸಹೋದ ಅನೇಕರು ಕೆಲಸ ಕಳೆದುಕೊಂಡರು, ಕೆಲವರು ಇದ್ದ ಮನೆಯನ್ನೂ ಬಿಡಬೇಕಾಯಿತು.

ಅದೇ ವರ್ಷದ ಡಿಸೆಂಬರಿನಲ್ಲಿ ಫ್ರಾನ್ಸಿಸ್ ವಾಲ್ಟರ್ ಎಂಬ ಪಾದ್ರಿ ಆ ಸೀಮೆಯಲ್ಲಿ ಹೋಗುತ್ತಿದ್ದಾಗ ಹಗ್ಗದ ಮೇಲೆ ಒಣಗುತ್ತಿದ್ದ ಹೊದಿಕೆಗಳನ್ನು ಕಂಡರು. ಇವು ದೊಡ್ಡ ಪಟ್ಟಣದಲ್ಲಿ ಮಾರಾಟವಾಗಬಲ್ಲವು ಎಂದು ಅವರಿಗೆ ಹೊಳೆಯಿತು. ತಲಾ 10 ಡಾಲರಿನಂತೆ ಮುಂಗಡ ಕೊಟ್ಟು ಕೊಂಡು ನ್ಯೂಯಾರ್ಕಿನಲ್ಲಿ ಹರಾಜು ಮಾಡಿಸಿದರು. 1966ರ ಮಾರ್ಚಿಯಲ್ಲಿ ಹೆಂಗಸರು ತಮ್ಮದೇ ಸಹಕಾರಿ ಸಂಘವನ್ನು ಕಟ್ಟಿಕೊಂಡರು. ಅದರ ಹೆಸರು 'ಫ್ರೀಡಂ ಕ್ವಿಲ್ಟಿಂಗ್ ಬೀ', ಎಂದರೆ ಸ್ವಾತಂತ್ರ್ಯದ ಹೊಲಿಗೆ ಕೂಟ. ಎಸ್ಟೆಲ್ ವಿದರ್‌ಸ್ಪೂನ್ ಎಂಬಾಕೆ ಬಹುಕಾಲ ಅದರ ಆಡಳಿತವನ್ನು ನೋಡಿಕೊಂಡಳು. ಮಾರಾಟದ ಹಣ ಹೊಲಿದವರ ಕೈ ಸೇರಿತು. ಯಜಮಾನನ ಮರ್ಜಿಯನ್ನು ಕಾಯದೆ ಮತ ಹಾಕುವ ಧೈರ್ಯವೂ ಅದರ ಜೊತೆಗೆ ಬಂತು.

ಇಲ್ಲಿ ತರಗತಿ ಬೇರೊಂದು ಬಗೆಯದಾಯಿತು. ಹೊಲಿಯಲು ಬಾರದವರಿಗೆ ಹೊಲಿಗೆ ಕಲಿಸುವ ಪ್ರಶ್ನೆಯೇ ಇರಲಿಲ್ಲ. ಅಂಗಡಿಯವರಿಗೆ ಒಪ್ಪುವಂತೆ ಒಂದೇ ಅಳತೆ, ಒಂದೇ ನಕ್ಷೆ, ಒಂದೇ ಸಮನಾದ ಟಾಕು ಹಾಕುವುದನ್ನು ಕಲಿಯಬೇಕಾಯಿತು. 1972ರಲ್ಲಿ ಸಿಯರ್ಸ್ ಎಂಬ ದೊಡ್ಡ ವ್ಯಾಪಾರಿ ಸಂಸ್ಥೆಗೆ ಕಾರ್ಡುರಾಯ್ ಬಟ್ಟೆಯ ದಿಂಬಿನ ಹೊದಿಕೆಗಳನ್ನು ಹೊಲಿದು ಕೊಡುವ ಗುತ್ತಿಗೆ ಬಂತು. ಅದರಿಂದ ನಿಯತವಾದ ಸಂಬಳ ಬಂತು. ಬಡ ಹಳ್ಳಿಗೆ ಅದು ಸಣ್ಣ ಮಾತಲ್ಲ. ಆದರೆ ಕೈಗೆ ಬಂದ ತುಂಡನ್ನು ನೋಡಿ ಯೋಚಿಸುವ ವಿದ್ಯೆಗೆ ಆ ಕೆಲಸದಲ್ಲಿ ಜಾಗವಿರಲಿಲ್ಲ. ಕತ್ತರಿಸಿ ಉಳಿದ ಕಾರ್ಡುರಾಯ್ ಚೂರುಗಳನ್ನು ಹೆಂಗಸರು ಮನೆಗೆ ಒಯ್ದು ತಮಗಾಗಿ, ಮಕ್ಕಳಿಗಾಗಿ ತಮ್ಮ ಮನಸ್ಸಿನಂತೆ ಹೊದಿಕೆ ಹೊಲಿದರು. 2002ರಲ್ಲಿ ಹ್ಯೂಸ್ಟನ್ನಿನ ಕಲಾ ಸಂಗ್ರಹಾಲಯದಲ್ಲಿಯೂ ಅನಂತರ ನ್ಯೂಯಾರ್ಕಿನ ವ್ಹಿಟ್ನಿ ಸಂಗ್ರಹಾಲಯದಲ್ಲಿಯೂ ಜೀಸ್ ಬೆಂಡಿನ ಹೊದಿಕೆಗಳ ಪ್ರದರ್ಶನ ನಡೆದಾಗ ಲೋಕ ಬೆರಗಾಗಿ ನೋಡಿದ್ದು ಹೀಗೆ ಮನೆಯ ಬಳಕೆಗೆಂದು ಹೊಲಿದವನ್ನು. 2006ರಲ್ಲಿ ಅಮೇರಿಕೆಯ ಅಂಚೆ ಇಲಾಖೆ ಇವುಗಳ 10 ಚಿತ್ರಗಳ ಅಂಚೆಚೀಟಿಗಳನ್ನು ತಂದಿತು. ಈ ಸಲ ಹೊಲಿದವರ ಹೆಸರುಗಳೂ ಲೋಕಕ್ಕೆ ತಿಳಿದವು. ಹೆಸರು ಬಂದ ಮೇಲೆ ಹಣದ ಮಾತೂ ಬಂತು. 2007ರಲ್ಲಿ ಕೆಲವು ಹೆಂಗಸರು ತಮ್ಮ ಪಾಲಿಗಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಿದರು, ಮರುವರ್ಷ ರಾಜಿಯಾಯಿತು. ಸಹಕಾರಿ ಸಂಘ 2012ರಲ್ಲಿ ಮುಚ್ಚಿತು.

ಬಿಹಾರದ ಸುಜನಿ

ಈಗ ನಮ್ಮ ದೇಶಕ್ಕೆ ಬರೋಣ. ಬಿಹಾರದ ಮುಜಫ್ಫರಪುರ ಜಿಲ್ಲೆಯಲ್ಲಿ ಭುಸುರಾ ಎಂಬ ಹಳ್ಳಿಯಿದೆ. ಆ ಕಡೆ ಹುಟ್ಟಿದ ಕೂಸನ್ನು ಸುತ್ತಲು ಮೆತ್ತಗಾದ ಹಳೆಯ ಸೀರೆ ಧೋತರಗಳ ಪದರುಗಳಿಂದ ಸುಜನಿ ಹೊಲಿಯುವುದು ರೂಢಿ. ಕಾಲಕ್ರಮದಲ್ಲಿ ಅದು ಮರೆಯಾಗುತ್ತ ಬಂದಿತ್ತು. 1988ರಲ್ಲಿ 'ಅದಿತಿ' ಎಂಬ ಸ್ವಯಂಸೇವಾ ಸಂಸ್ಥೆಯ ವಿಜಿ ಶ್ರೀನಿವಾಸನ್ ಅವರ ಪ್ರೋತ್ಸಾಹದಿಂದ ಅಲ್ಲಿ ಮಹಿಳೆಯರ ಸಂಘವೊಂದು ಹುಟ್ಟಿತು. ಭುಸುರಾದ ನಿರ್ಮಲಾ ದೇವಿ ಅದರ ಬೆನ್ನೆಲುಬಾಗಿ ನಿಂತರು.

ಮನೆಯ ಹೊಸ್ತಿಲು ದಾಟಲು ಹಿಂಜರಿಯುತ್ತಿದ್ದ ಹೆಂಗಸರು ಈ ಕೂಟಕ್ಕೆ ಬಂದು ಕುಳಿತರು. ಏನನ್ನು ಹೊಲಿಯಬೇಕೆಂಬ ಮಾತು ಬಂದಾಗ ಅವರ ಬದುಕಿನ ಮಾತುಗಳೇ ಬಟ್ಟೆಯ ಮೇಲೆ ಬಂದವು. ವರದಕ್ಷಿಣೆ, ಹೆಣ್ಣುಮಗುವಿನ ಗತಿ, ಶಾಲೆಗೆ ಹೋಗುವ ಹುಡುಗಿ, ಮತದಾನ ಎಲ್ಲವೂ ಸುಜನಿಯ ಚಿತ್ರಗಳಾದವು. ಅಕ್ಷರ ಬಾರದವಳೂ ತನ್ನ ದೂರನ್ನು ಸೂಜಿಯಿಂದ ಬರೆದಳು. 2006ರಲ್ಲಿ ಬಿಹಾರದ ಸುಜನಿಗೆ ಭೌಗೋಳಿಕ ಗುರುತಿನ ಮಾನ್ಯತೆ ಬಂತು. 2025ರಲ್ಲಿ ನಿರ್ಮಲಾ ದೇವಿಯವರಿಗೆ ಪದ್ಮಶ್ರೀ ಸಂದಿತು. ಹೊರಗಿನವರು ಇಲ್ಲಿ ಮಾಡಿದ ಉಪಕಾರವೆಂದರೆ ಕೂಡಿ ಕುಳಿತುಕೊಳ್ಳಲು ಒಂದು ನೆವವನ್ನೂ ಮಾರಾಟಕ್ಕೆ ಒಂದು ದಾರಿಯನ್ನೂ ಒದಗಿಸಿದ್ದು.

ಯಲ್ಲಾಪುರದಿಂದ ನ್ಯೂಯಾರ್ಕಿಗೆ

ನಾಲ್ಕನೆಯ ಗುಂಪು ನಮ್ಮ ಕರ್ನಾಟಕದ್ದೇ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ತಾಲೂಕುಗಳ ಕಾಡಂಚಿನ ಹಳ್ಳಿಗಳಲ್ಲಿ ಸಿದ್ದಿಯರು ಇದ್ದಾರೆ. ಪೋರ್ಚುಗೀಸರು ಗುಲಾಮರನ್ನಾಗಿ ಗೋವೆಗೆ ತಂದ ಆಫ್ರಿಕದ ಜನರಲ್ಲಿ ಹಲವರು ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಅವರ ವಂಶದವರು ಇವರಲ್ಲಿ ಬಹುಮಂದಿ. ಹಿಂದೂಗಳು, ಮುಸಲ್ಮಾನರು, ಕ್ರೈಸ್ತರು ಮೂವರೂ ಇವರಲ್ಲಿದ್ದಾರೆ. 2003ರಲ್ಲಿ ಇವರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು.

ಸಿದ್ದಿ ಹೆಂಗಸರ ಕೌದಿಗೆ 'ಕವಂದಿ' ಎಂಬ ಹೆಸರು. ಅದರ ಹೊಲಿಗೆ ಒಂದು ಮೂಲೆಯಿಂದ ಆರಂಭವಾಗುತ್ತದೆ. ಅಂಚಿನ ಗುಂಟ ಸಾಗಿ, ಮೂಲೆ ಬಂದಲ್ಲಿ ತಿರುಗಿ, ಸುತ್ತು ಸುತ್ತಾಗಿ ಒಳಕ್ಕೆ ಬರುತ್ತ ನಡುವಿನಲ್ಲಿ ಮುಗಿಯುತ್ತದೆ. ಮೇಲಿನ ಚೂರುಗಳನ್ನು ಮೊದಲೇ ಜೋಡಿಸಿಟ್ಟಿರುವುದಿಲ್ಲ. ಹೊಲಿಗೆ ಸಾಗಿದಂತೆ ಒಂದೊಂದನ್ನೇ ಇಟ್ಟು ಹೊಲಿಯುತ್ತಾರೆ. ನಾಲ್ಕು ಮೂಲೆಗಳಿಗೆ ಬಟ್ಟೆಯನ್ನು ಮುಕ್ಕೋನವಾಗಿ ಮಡಿಸಿ 'ಫೂಲ'ಗಳನ್ನು ಇಡುತ್ತಾರೆ. ಫೂಲವಿಲ್ಲದ ಕವಂದಿ ಅವರ ಕಣ್ಣಿಗೆ ಬೋಳು. ಕ್ರೈಸ್ತರ ಕವಂದಿಯಲ್ಲಿ ಶಿಲುಬೆ, ಮುಸಲ್ಮಾನರದರಲ್ಲಿ ಅರ್ಧಚಂದ್ರ ಕಾಣುವುದುಂಟು.

ಅಮೇರಿಕೆಯ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಆಫ್ರಿಕದ ಕಲೆಯ ಪ್ರಾಧ್ಯಾಪಕರಾಗಿದ್ದ ಹೆನ್ರಿ ಡ್ರೂವಲ್ 2004ರಲ್ಲಿ ಸಿದ್ದಿಯರ ನಡುವೆ ಬಂದು ಅಧ್ಯಯನ ಮಾಡಿದರು. ಸಿದ್ದಿ ಹೆಂಗಸರು ತಮ್ಮದೊಂದು ಸಹಕಾರಿ ಕೂಟ ಕಟ್ಟಿಕೊಳ್ಳಲು ಅವರ ನೆರವು ದೊರಕಿತು. 2011ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್ ಭಾಗದ ಶೋಂಬರ್ಗ್ ಕೇಂದ್ರದಲ್ಲಿ ಕವಂದಿಗಳ ಪ್ರದರ್ಶನ ನಡೆಯಿತು. ಅಲಬಾಮಾದ ಹೆಂಗಸರ ಹೊದಿಕೆಗಳು 1966ರಲ್ಲಿ ಹರಾಜಾದ ಊರಿಗೆ, 45 ವರ್ಷಗಳ ಮೇಲೆ, ನಮ್ಮ ಘಟ್ಟದ ಮೇಲಿನ ಸಿದ್ದಿ ಹೆಂಗಸರ ಕವಂದಿ ಹೋಯಿತು. ಡ್ರೂವಲ್ ತಮ್ಮ ಬರಹಗಳಲ್ಲಿ ಈ ಹೆಂಗಸರನ್ನು ಹೆಸರಿನಿಂದಲೇ ಗುರುತಿಸುತ್ತಾರೆ. ಪ್ರಾಧ್ಯಾಪಕರು ಇವರಿಗೆ ಹೊಲಿಗೆ ಕಲಿಸಲು ಬಂದವರಲ್ಲ, ಇವರಿಂದ ಕಲಿಯಲು ಬಂದವರು. ಮೇಲಿನ ಮೂರು ಕಥೆಗಳ ಪಕ್ಕದಲ್ಲಿ ಇದನ್ನಿಟ್ಟು ನೋಡಿದಾಗ ಈ ಮಾತಿನ ಬೆಲೆ ತಿಳಿಯುತ್ತದೆ.

ನಮ್ಮ ತರಗತಿ ಹೇಗಿರಬೇಕು?

ಈ ನಾಲ್ಕು ಗುಂಪುಗಳಿಂದ ತಿಳಿಯುವುದೇನು? ಹೊಲಿಗೆಯನ್ನು ಕಲಿಸುವುದು ಕಷ್ಟವಲ್ಲ. ಒಂದು ಮಧ್ಯಾಹ್ನ ಸಾಕು. ಅರಿವೆಯನ್ನು ಆರಿಸುವ ಹಕ್ಕು, ಹೆಸರು ಮತ್ತು ಬೆಲೆ, ಈ ಮೂರೂ ಹೊಲಿಯುವವಳ ಕೈಯಲ್ಲಿ ಉಳಿದಾಗ ಮಾತ್ರ ಆ ವಿದ್ಯೆ ಅವಳದಾಗಿ ಬಾಳುತ್ತದೆ. ನಮ್ಮ ಸಂಘಗಳು ಕೌದಿಯ ತರಗತಿ ನಡೆಸುವುದಾದರೆ ಈ ಮಾತನ್ನು ಮುಂದಿಟ್ಟುಕೊಂಡು ನಡೆಸಬೇಕು. ಆರು ವಾರ, ವಾರಕ್ಕೊಂದು ಮಧ್ಯಾಹ್ನ ಎಂದು ಇಟ್ಟುಕೊಂಡು ಕೆಲವು ಸೂಚನೆಗಳನ್ನು ಇಲ್ಲಿ ಕೊಡಲಾಗಿದೆ.

ಮೊದಲ ದಿನ ಸೂಜಿ ಬೇಡ. ಪ್ರತಿಯೊಬ್ಬರೂ ಮನೆಯ ಒಂದೆರಡು ಹಳೆಯ ಅರಿವೆ ತರಲಿ. ಅದು ಯಾರದು, ಯಾವಾಗಿನದು ಎಂದು ನಾಲ್ಕು ಮಾತು ಹೇಳಲಿ. ಅತ್ತೆಯ ಇಳಕಲ್ಲ ಸೀರೆಯ ಸೆರಗು, ಗುಳೇದಗುಡ್ಡದ ಖಣದ ಚೂರು, ಮಗನ ಶಾಲೆಯ ಅಂಗಿ ಎಲ್ಲವೂ ಬರುತ್ತವೆ. ಬಳಿಕ ನೂಲಿನ ಬಟ್ಟೆ ಬೇರೆ, ನೈಲಾನು ಪಾಲಿಯೆಸ್ಟರು ಬೇರೆ ಮಾಡಬೇಕು. ಜಾರುವ ಬಟ್ಟೆ ಪದರಿನಲ್ಲಿ ನಿಲ್ಲುವುದಿಲ್ಲ. ಬಣ್ಣ ಬಿಡುವುದೋ ಎಂದು ಒದ್ದೆ ಬಿಳಿಯ ಅರಿವೆಯಿಂದ ತಿಕ್ಕಿ ನೋಡಬೇಕು.

ಎರಡನೆಯ ದಿನ ಒಂದೂವರೆ ಅಡಿ ಚೌಕದ ಕೂಡ್ರುವ ಹಾಸು. ಮೂರೇ ಪದರು. ಹೊಸಬರು ಪದರು ಹೆಚ್ಚಿಸಿದರೆ ಸೂಜಿ ಹಾಯುವುದಿಲ್ಲ, ಬೆರಳು ನೊಂದು ಮುಂದಿನ ವಾರ ಬರುವುದೇ ಇಲ್ಲ. ಟಾಕು ಓರೆಯಾದರೆ ಬಿಚ್ಚಿಸಬಾರದು. 'ರಾಜಾ' ಹಡಗಿನ ಹೊದಿಕೆಯಲ್ಲಿ ಹೊಸಬರ ಟಾಕುಗಳೂ ಇಂದಿಗೂ ಉಳಿದಿವೆ.

ಮೂರನೆಯ ದಿನ ಸಾಲು ಹೊಲಿಗೆಯ ಜೊತೆಗೆ ಕವಂದಿಯ ಸುತ್ತು ಹೊಲಿಗೆಯನ್ನೂ ಮಾಡಿ ನೋಡಬೇಕು. ಒಂದೇ ರಾಜ್ಯದ ಎರಡು ಪದ್ಧತಿಗಳು ಎಷ್ಟು ಬೇರೆಯೆಂಬುದು ಕೈಗೇ ತಿಳಿಯುತ್ತದೆ. ನಾಲ್ಕನೆಯ ದಿನ ಯಾವ ನಕ್ಷೆಯನ್ನೂ ಕೊಡದೆ ಚೂರುಗಳ ರಾಶಿಯನ್ನು ನಡುವೆ ಸುರಿಯಬೇಕು. ಒಬ್ಬರು ಇಟ್ಟದ್ದನ್ನು ಇನ್ನೊಬ್ಬರು ನೋಡಿ ಮಾತಾಡಲಿ. ಕಲಿಸುವವರು ಮಾತ್ರ ಸುಮ್ಮನಿರಲಿ.

ಐದನೆಯ ದಿನ ಎಲ್ಲರೂ ಕೂಡಿ ಒಂದೇ ದೊಡ್ಡ ಕೌದಿಗೆ ಕುಳಿತುಕೊಳ್ಳುವುದು, ಒಂದೊಂದು ಬದಿಗೆ ಇಬ್ಬಿಬ್ಬರು. ಮುಂಬಯಿ ಪುಣೆಗಳಲ್ಲಿರುವವರು ಆ ದಿನ ಗೋಧಡಿ ಬಲ್ಲ ಮರಾಠಿ ನೆರೆಯವರನ್ನೂ ಕರೆಯಬಹುದು. ಚಾಳುಗಳ ಕಠಡೆಯ ಮೇಲೆ ಅವರ ಗೋಧಡಿಯೂ ನಮ್ಮ ಕೌದಿಯೂ ಒಟ್ಟಿಗೇ ಒಣಗಿದ ಕಾಲವಿತ್ತು. ಚೆನ್ನೈ, ಹೈದರಾಬಾದು, ದಿಲ್ಲಿಗಳಲ್ಲಿಯೂ ಹಳೆಯ ಬಟ್ಟೆ ಹೊಲಿಯಬಲ್ಲ ನೆರೆಯವರಿಗೆ ಕೊರತೆಯಿಲ್ಲ.

ಆರನೆಯ ದಿನ ಲೆಕ್ಕದ ದಿನ. ಮೊದಲಿನಿಂದಲೂ ಪ್ರತಿಯೊಬ್ಬರೂ ತಾವು ಹೊಲಿದ ಗಂಟೆಗಳನ್ನು ಬರೆದಿಟ್ಟಿರಬೇಕು. ಅದನ್ನು ಕೂಡಿಸಿ, ಗಂಟೆಗೆ ಸಾಮಾನ್ಯ ಕೂಲಿಯ ದರ ಹಾಕಿದರೆ ಒಂದು ಕೌದಿಯ ನಿಜವಾದ ಬೆಲೆ ಎಷ್ಟೆಂದು ಕಾಗದದ ಮೇಲೆ ಕಾಣುತ್ತದೆ. ಈ ಲೆಕ್ಕವನ್ನು ತಾನೇ ಮಾಡಿದವಳು ಮುಂದೆ ಊರಿಗೆ ಹೋದಾಗ ಕೌದಿ ಹೊಲಿಯುವವಳೊಡನೆ ನೂರು ರೂಪಾಯಿಗಾಗಿ ಚೌಕಾಸಿ ಮಾಡಲಾರಳು. ತರಗತಿಯ ಇಷ್ಟು ಫಲ ಸಿಕ್ಕರೂ ಸಾಕು.

ಇನ್ನು ಕಲಿಸುವವರ ಮಾತು. ಪುಸ್ತಕ ನೋಡಿ ಕಲಿತವರು ನಗರದಲ್ಲಿ ಬೇಕಾದಷ್ಟು ಮಂದಿ ಸಿಗುತ್ತಾರೆ. ಆದರೆ ಬದುಕಿಗಾಗಿ ಕೌದಿ ಹೊಲಿದ ಹೆಂಗಸರು ಇನ್ನೂ ನಮ್ಮ ನಡುವೆ ಇರುವಾಗ ಅವರನ್ನು ಬಿಟ್ಟು ತರಗತಿ ನಡೆಸುವುದು ನ್ಯಾಯವಲ್ಲ. ಧಾರವಾಡ, ಬೆಳಗಾವಿ, ವಿಜಯಪುರ, ಯಲ್ಲಾಪುರಗಳ ಕಡೆಯಿಂದ ಒಬ್ಬಾಕೆಯನ್ನು ಹೋಗಿಬರುವ ಖರ್ಚು ಕೊಟ್ಟು ಕರೆಸಬೇಕು. ಸಂಗೀತದ ಮೇಷ್ಟರಿಗೆ ಕೊಡುವ ಸಂಭಾವನೆಯನ್ನೇ ಆಕೆಗೂ ಕೊಡಬೇಕು. ಕರೆಪತ್ರದಲ್ಲಿ ಆಕೆಯ ಹೆಸರು ಅತಿಥಿಗಳ ಹೆಸರಿಗಿಂತ ಮೇಲೆ ಇರಬೇಕು. ಆಕೆ 'ನನಗ ಮಾತಾಡಾಕ ಬರೂದಿಲ್ರಿ' ಎಂದರೆ ಅಡ್ಡಿಯಿಲ್ಲ. ಆಕೆ ಹೊಲಿಯುತ್ತಿರಲಿ, ನಾವು ಪಕ್ಕದಲ್ಲಿ ಕುಳಿತು ದಾರ ಪೋಣಿಸಿ ಕೊಡೋಣ. ಇದನ್ನು ಕಲಿತವರೆಲ್ಲ ಕಲಿತದ್ದು ಹಾಗೆಯೇ.

ಕೌದಿ ಮುಗಿದ ದಿನ ಅದರ ಒಂದು ಮೂಲೆಯಲ್ಲಿ ಬಿಳಿಯ ಅರಿವೆಯ ಸಣ್ಣ ತುಂಡನ್ನು ಹಚ್ಚಿ, ಹೊಲಿದವರೆಲ್ಲರ ಹೆಸರು, ಅವರ ಹುಟ್ಟೂರು, ತಿಂಗಳು, ಇಸವಿಗಳನ್ನು ಕನ್ನಡದ ಅಕ್ಷರಗಳಲ್ಲಿ ಹೊಲಿಯಬೇಕು. ಪಟ್ಟಿಯ ಮೊದಲಿಗೆ ಕಲಿಸಿದಾಕೆಯ ಹೆಸರಿರಲಿ. ನಮ್ಮ ಸಂಘಗಳ ಮಹಿಳಾ ವಿಭಾಗದ ಸೋದರಿಯರು ಈ ಕೆಲಸವನ್ನು ಕೈಗೆತ್ತಿಕೊಳ್ಳಬೇಕೆಂದು ವಿನಂತಿ. ಸೂಜಿ ದಾರಗಳಿಗೆ ಹೆಚ್ಚು ಹಣ ಬೇಕಾಗಿಲ್ಲ. ಅರಿವೆಯಂತೂ ಎಲ್ಲರ ಮನೆಯ ಅಟ್ಟದ ಮೇಲೆ ಗಂಟು ಕಟ್ಟಿಕೊಂಡು ಬಿದ್ದಿದೆ.